ಸುಂಕ, ತೆರಿಗೆ, ಶುಲ್ಕ: ಹೊರದೇಶದ ಕೀಸುಳಿಯ ಬಿಲ್ಲಿನಲ್ಲಿ ಯಾವುದು ಯಾವುದು

"₹20,000ದ ಕೀಸುಳಿ ತರಿಸಿದೆ ಮಾರಾಯ, ಕಸ್ಟಮ್ಸ್‌ನವರು ಶೇ 46 ಸುಂಕ ಜಡಿದರು."

ಮರಗೆಲಸದ ಹುಚ್ಚು ಹತ್ತಿದ ನಾಲ್ಕು ಮಂದಿ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಕೀಸುಳಿ ಎಂದರೆ ಮರವನ್ನು ಹೆರೆದು ನುಣುಪು ಮಾಡುವ ಉಪಕರಣ. ಕೆನಡಾದ ವೆರಿಟಾಸ್ ಇರಲಿ, ಅಮೆರಿಕದ ಲೀ ನೀಲ್ಸನ್ ಇರಲಿ, ಜೆಕ್ ದೇಶದ ನಾರೆಕ್ಸ್ ಉಳಿ ಇರಲಿ, ಅಂಕಿ ಬದಲಾಗುತ್ತದೆ, ಬೈಗುಳ ಬದಲಾಗುವುದಿಲ್ಲ. ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಮರಗೆಲಸದ ಕೈಯುಪಕರಣಗಳ ಮೇಲೆ ನಮ್ಮಲ್ಲಿರುವ ಮೂಲ ಸುಂಕ ಶೇ 10. ಬಾಗಿಲಿಗೆ ಬಂದ ಕೊರಿಯರ್ ಹುಡುಗನ ಕೈಗೆ ಕೊಟ್ಟ ದುಡ್ಡಿನಲ್ಲಿ ಸುಂಕವೂ ಇದೆ, ತೆರಿಗೆಯೂ ಇದೆ, ಶುಲ್ಕವೂ ಇದೆ. ಮೂರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳು ಇರುವಾಗ ಎಲ್ಲವನ್ನೂ ಸುಂಕ ಎಂದು ಒಂದೇ ಗುಡ್ಡೆ ಹಾಕುವುದೇಕೆ?

ಗೊಂದಲಕ್ಕೆ ಒಂದು ನೆಪವಿದೆ ಎಂದು ಒಪ್ಪುತ್ತೇನೆ. ಸುಂಕ ಮತ್ತು ಶುಲ್ಕ ಹುಟ್ಟಿನಲ್ಲಿ ಒಂದೇ ಪದ. ಸಂಸ್ಕೃತದ ಶುಲ್ಕ ಪ್ರಾಕೃತದ ಬಾಯಲ್ಲಿ ಸುಂಕವಾಗಿ ನಮಗೆ ಬಂತು. ತೆಲುಗರಿಗೆ ಸುಂಕಂ, ತಮಿಳರಿಗೆ ಸುಂಗಂ. ಮೊದಲನೆಯ ಕುಲೋತ್ತುಂಗ ಚೋಳನಿಗೆ ಸುಂಕ ಬಿಟ್ಟುಕೊಟ್ಟನೆಂದೇ 'ಸುಂಗಂ ತವಿರ್ತ' ಎಂಬ ಬಿರುದು ಇತ್ತು. ನಮ್ಮ ಶಾಸನಗಳಲ್ಲಂತೂ ಸುಂಕಕ್ಕೆ ಬರವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸಾಲುಸಾಲಾಗಿ ಬರುತ್ತವೆ. ವಸೂಲಿಯ ಅಧಿಕಾರಿ ಸುಂಕವೆರ್ಗಡೆ. ಪೆರ್ಜುಂಕವೆಂದರೆ ಹಿರಿಯ ಸುಂಕ: ಪೆರ್ ಮುಂದೆ ಬಂದಾಗ ಸಕಾರ ಜಕಾರವಾಯಿತು, ಮುಂದೆ ಪಕಾರ ಹಕಾರವಾಗಿ ಹೆಜ್ಜುಂಕವಾಯಿತು. ಇದರ ಎದುರಿಗೆ ನಿಲ್ಲುವ ಸಣ್ಣಪುಟ್ಟ ವಸೂಲಿಗೆ ಕಿರುಕುಳ ಎಂಬ ಹೆಸರು. ಹೌದು, ಅದೇ ಕಿರುಕುಳ. ಚಿಲ್ಲರೆ, ಅಲ್ಪ ಎಂಬಷ್ಟೇ ಅರ್ಥವಿದ್ದ ಮಾತು ಕಾಟ ಎಂಬ ಅರ್ಥಕ್ಕೆ ಬಂದು ನಿಂತ ದಾರಿಯಲ್ಲಿ ಈ ಚಿಲ್ಲರೆ ವಸೂಲಿಗಳ ಪಾಲೂ ಇರಬೇಕು ಎಂದು ನನ್ನ ಗುಮಾನಿ. ಕೊರಿಯರ್ ಬಿಲ್ಲಿನ ಕೊನೆಯ ಎರಡು ಸಾಲು ಓದಿದವರು ಯಾರೂ ತಕರಾರು ತೆಗೆಯಲಾರರು.

ಸುಂಕ ಕಟ್ಟುತ್ತಿದ್ದದ್ದು ಸರಕು ಒಂದು ಗಡಿ ದಾಟುವಾಗ. ಅದಕ್ಕೇ ಸುಂಕದ ಕಟ್ಟೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಗೆ ಬಸ್ಸು ಹತ್ತುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲೂ ಸುಂಕದ ಬಂಕಣ್ಣ ಇದ್ದಾನೆ. ಇತ್ತ ಶುಲ್ಕ ಎಂಬ ತತ್ಸಮ ಕನ್ನಡದಲ್ಲಿ ಬೇರೆಯೇ ದಾರಿ ಹಿಡಿಯಿತು: ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ. ಯಾರೋ ನಮಗೊಂದು ಕೆಲಸ ಮಾಡಿಕೊಟ್ಟದ್ದಕ್ಕೆ, ಒಂದು ಬಾಗಿಲು ತೆರೆದದ್ದಕ್ಕೆ ಕೊಡುವ ಹಣ. ತೆರಿಗೆ ಮಾತ್ರ ಈ ಮನೆತನದ್ದಲ್ಲ. ಅದು ತೆರು ಎಂಬ ಅಚ್ಚಗನ್ನಡ ಧಾತುವಿನ ಮಗ. ಬೆಲೆ ತೆತ್ತ, ದಂಡ ತೆತ್ತ ಎನ್ನುವ ತೆರು. ಅಂದರೆ ಗಡಿ ದಾಟಿದ್ದಕ್ಕೆ ಸುಂಕ, ಕೆಲಸ ಮಾಡಿಕೊಟ್ಟದ್ದಕ್ಕೆ ಶುಲ್ಕ, ಊರೊಳಗಿನವರೆಲ್ಲ ತೆರುವುದು ತೆರಿಗೆ. ಕೊರಿಯರ್ ಬಿಲ್ಲನ್ನು ಓದಲು ಇಷ್ಟು ಸಾಕು.

ಈಗ ಆ ಶೇ 46ರ ಕೀಸುಳಿಯನ್ನು ಬಿಚ್ಚೋಣ. ಕೀಸುಳಿಯ ಬೆಲೆ ₹20,000, ವಿಮಾನದಲ್ಲಿ ತರಿಸಿದ ಸಾಗಣೆ ₹5,000 ಎಂದು ಇಟ್ಟುಕೊಳ್ಳಿ. ಮೊದಲ ತಪ್ಪು ಇಲ್ಲೇ: ಶೇ 10 ಎಂದರೆ ₹20,000ಕ್ಕೆ ₹2,000 ಎಂದು ಮನಸ್ಸಿನಲ್ಲೇ ಗುಣಿಸಿ ಮುಗಿಸುತ್ತಾರೆ. ಕಸ್ಟಮ್ಸ್ ಲೆಕ್ಕ ಶುರುವಾಗುವುದು ಅಂಗಡಿಯ ಬೆಲೆಯಿಂದ ಅಲ್ಲ, ಅಸೆಸಬಲ್ ವ್ಯಾಲ್ಯೂ ಎಂಬುದರಿಂದ. ಅಲ್ಲಿ ಮಾಲಿನ ಬೆಲೆಗೆ ಸಾಗಣೆ ಸೇರುತ್ತದೆ, ವಿಮೆಯೂ ಸೇರುತ್ತದೆ. 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ವಿಮಾನ ಸಾಗಣೆಯನ್ನು ಮಾಲಿನ ಬೆಲೆಯ ಶೇ 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಹಾಗಾಗಿ ನೀವು ₹5,000 ಕೊಟ್ಟಿದ್ದರೂ ಲೆಕ್ಕಕ್ಕೆ ಬರುವುದು ₹4,000. ವಿಮೆಯ ಖರ್ಚು ಎಷ್ಟೆಂದು ಗೊತ್ತಿಲ್ಲದಿದ್ದರೆ ಶೇ 1.125, ಅಂದರೆ ₹225. ಒಟ್ಟು ₹24,225. ಸಾಗಣೆಗೆ ಮಿತಿ ಇದೆ ಎಂಬ ಈ ಒಂದು ಸಂಗತಿ ಕೊಳ್ಳುವವನ ಪರವಾಗಿರುವಂಥದ್ದು, ಅದನ್ನೇ ಯಾರೂ ಹೇಳುವುದಿಲ್ಲ. ಅಂದಹಾಗೆ ಡಾಲರಿಗೆ ಎಷ್ಟು ರೂಪಾಯಿ ಎಂಬುದೂ ನಿಮ್ಮ ಫೋನು ತೋರಿಸುವ ದರವಲ್ಲ. ಕಸ್ಟಮ್ಸ್‌ಗೆಂದೇ ಪ್ರಕಟವಾಗುವ ದರ ಬೇರೆ ಇದೆ. ಕಾರ್ಡಿನಲ್ಲಿ ಹೋದದ್ದಕ್ಕೂ ಬಿಲ್ಲಿನಲ್ಲಿ ಇರುವುದಕ್ಕೂ ಕೆಲವು ನೂರು ರೂಪಾಯಿ ತಾಳೆಯಾಗದಿದ್ದರೆ ಮೋಸವಾಯಿತೆಂದು ಕೂಗಬೇಕಿಲ್ಲ.

ಈ ₹24,225ರ ಮೇಲೆ ಮೂಲ ಸುಂಕ ಶೇ 10: ₹2,422.50. ಆಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್, 2018ರ ಬಜೆಟ್‌ನಲ್ಲಿ ಹಳೆಯ ಶಿಕ್ಷಣ ಸೆಸ್‌ಗಳ ಜಾಗಕ್ಕೆ ಬಂದದ್ದು. ಇದೂ ಶೇ 10, ಆದರೆ ಮಾಲಿನ ಮೇಲಲ್ಲ, ಸುಂಕದ ಮೇಲೆ: ₹242.25. ಇಲ್ಲಿಗೆ ಸುಂಕದ ಬಾಬತ್ತು ಮುಗಿಯಿತು, ಹೆಚ್ಚುಕಮ್ಮಿ ₹2,665. ಇನ್ನು ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ, ಶೇ 18. ಇದು ₹20,000ದ ಮೇಲೂ ಅಲ್ಲ, ₹24,225ರ ಮೇಲೂ ಅಲ್ಲ. ಮಾಲು, ಸುಂಕ, ಸರ್ಚಾರ್ಜ್ ಎಲ್ಲ ಕೂಡಿದ ₹26,889.75ರ ಮೇಲೆ ₹4,840. ಸುಂಕದ ಮೇಲೂ ತೆರಿಗೆಯೇ ಎಂದು ಹುಬ್ಬೇರಿಸಬಹುದು, ಹೌದು, ಹಾಗೇ. ಅದಕ್ಕೇ 10, 1, 18 ಕೂಡಿಸಿ ಶೇ 29 ಎಂದವನ ಲೆಕ್ಕ ತಪ್ಪುತ್ತದೆ. ಒಟ್ಟು ಶೇ 30.98. ಆಮದಿನವರಿಗೆ ಈ ಅಂಕಿ ಬಾಯಿಪಾಠ. ನಮ್ಮ ಕೀಸುಳಿಗೆ ₹7,505.

ಹಾಗಾದರೆ ಬಾಗಿಲಲ್ಲಿ ₹9,275, ಅಂದರೆ ₹20,000ದ ಶೇ 46, ಕೇಳಿದ್ದೇಕೆ? ಕೊರಿಯರ್‌ನವರು ನಿಮ್ಮ ಪರವಾಗಿ ಸುಂಕವನ್ನು ಮುಂಗಡ ಕಟ್ಟಿದ್ದಾರೆ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕಾಗದಪತ್ರ ಮಾಡಿಸಿದ್ದಾರೆ, ಅದಕ್ಕೆ ಅವರ ಶುಲ್ಕ ಒಂದೂವರೆ ಸಾವಿರ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ₹270 ಎಂದುಕೊಳ್ಳಿ. ಈ ₹1,770ಕ್ಕೂ ಕಸ್ಟಮ್ಸ್‌ಗೂ ಸಂಬಂಧವೇ ಇಲ್ಲ. ಕೊರಿಯರ್‌ನಿಂದ ಕೊರಿಯರ್‌ಗೆ ಇದು ಬದಲಾಗುತ್ತದೆ. ಅಂಚೆಯಲ್ಲಿ ಬಂದರೆ ಬಹಳ ಕಡಿಮೆ, ಕಾಯುವುದು ಜಾಸ್ತಿ. ಬೈಯಲೇಬೇಕು ಎಂದಿದ್ದರೆ ಯಾರನ್ನು ಎಂಬುದಾದರೂ ಸರಿಯಾಗಿರಲಿ.

ಇನ್ನೊಂದು ಮಾತು, ಇದು ನಿಜಕ್ಕೂ ಜೇಬಿಗೆ ಕತ್ತರಿ ಹಾಕುವಂಥದ್ದು. ಮೇಲಿನದೆಲ್ಲ ಕೀಸುಳಿ ಕೀಸುಳಿಯಾಗಿಯೇ ದಾಖಲಾದಾಗಿನ ಲೆಕ್ಕ. ಸುಂಕದ ಪಟ್ಟಿಯಲ್ಲಿ ಕೀಸುಳಿ, ಉಳಿ, ದುಂಡು ಬಾಯಿಯ ಉಳಿಗಳಿಗೆ 8205 30 ಎಂಬ ಶೀರ್ಷಿಕೆ ಇದೆ; ಕೈಗರಗಸಕ್ಕೆ 8202. ಆದರೆ ಸ್ವಂತ ಬಳಕೆಗೆ ಅಂಚೆಯಲ್ಲೋ ವಿಮಾನದಲ್ಲೋ ತರಿಸಿದ ವಸ್ತುಗಳಿಗೆ 9804 ಎಂಬ ಇನ್ನೊಂದು ಶೀರ್ಷಿಕೆಯೂ ಇದೆ. ಅಲ್ಲಿ ಉಳಿಯಾದರೇನು, ಬಳೆಯಾದರೇನು, ಬಹುತೇಕ ಎಲ್ಲಕ್ಕೂ ಒಂದೇ ದರ. ಬಹುಕಾಲ ಅಲ್ಲಿ ಮೂಲ ಸುಂಕ ಶೇ 35, ಐಜಿಎಸ್‌ಟಿ ಶೇ 28 ಇತ್ತು. ಮೇಲಿನ ಕ್ರಮದಲ್ಲೇ ಒಂದರ ಮೇಲೊಂದು ಏರಿಸಿದರೆ ಶೇ 77.28. ನಮ್ಮ ಕೀಸುಳಿಗೆ ₹18,721, ಕೀಸುಳಿಯ ಬೆಲೆಗೆ ಬೆರಳಳತೆ ಕಮ್ಮಿ! ಈಚಿನ ಬಜೆಟ್‌ಗಳಲ್ಲಿ ಆ 35 ಇಳಿದಿದೆ. ಹಳೆಯ ಗೋಳನ್ನೇ ಈಗಲೂ ಪ್ರಮಾಣವೆಂದು ಹಿಡಿಯುವವರು ತರಿಸುವ ದಿನದ ದರ ನೋಡಿಕೊಳ್ಳಲಿ. ಒಂದೇ ಉಳಿಗೆ ಇಬ್ಬರು ಗೆಳೆಯರು ಅಜಗಜಾಂತರ ಹಣ ಕಟ್ಟಿದ್ದರೆ ಕಾರಣ ಅಧಿಕಾರಿಯ ಮೂಡು ಅಂತಲ್ಲ, ಬಹುಮಟ್ಟಿಗೆ ಶೀರ್ಷಿಕೆ. ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ದಾಖಲೆ) ತೆಗೆದು ಆ ಅಂಕಿ ನೋಡದೆ ವಾದಕ್ಕೆ ಕೂರುವವರ ಜೊತೆ ನಾನು ಮಾತು ಬಿಟ್ಟಿದ್ದೇನೆ.

"ಗಿಫ್ಟ್ ಅಂತ ಬರೆಸಿಬಿಡಿ, ನ್ಯೂಜೆರ್ಸಿಯ ಭಾವ ಕಳಿಸಿದ ಹಾಗೆ" ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. ₹5,000ದವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ರಾಖಿಗೆ, ಜೀವರಕ್ಷಕ ಔಷಧಿಗೆ ಉಳಿಯಿತು, ಉಳಿಗೆ ಉಳಿಯಲಿಲ್ಲ. ಅಮೆರಿಕದಲ್ಲಿ 800 ಡಾಲರಿನವರೆಗೆ ಸುಂಕವಿಲ್ಲವಂತೆ ಎಂಬುದು ಅಮೆರಿಕಕ್ಕೆ ಹೋಗುವ ಪಾರ್ಸಲ್ಲಿನ ಮಾತಾಗಿತ್ತು, ಅದನ್ನೂ 2025ರ ಆಗಸ್ಟಿನಲ್ಲಿ ನಿಲ್ಲಿಸಿದರು. ಇನ್ನು ಬೆಲೆಯನ್ನೇ ಕಮ್ಮಿ ಬರೆಸುವ ಜಾಣರು. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಬೆಳಗಾದದ್ದು ಸುಂಕದ ಕಟ್ಟೆಯ ಮುಂದೆಯೇ. ಶಾಸ್ತ್ರದವರು ಇದಕ್ಕೆ ಘಟ್ಟಕುಟೀಪ್ರಭಾತ ನ್ಯಾಯ ಎಂದು ಹೆಸರಿಟ್ಟಿದ್ದಾರೆ. 250 ಡಾಲರಿನ ಕೀಸುಳಿಗೆ 40 ಎಂದು ಬರೆಸಿದರೆ, ಅದೇ ಅಂಗಡಿಯ ಬೆಲೆಪಟ್ಟಿಯನ್ನು ಅಧಿಕಾರಿಯೂ ತೆರೆದು ನೋಡಬಲ್ಲ. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಮುಟ್ಟುಗೋಲಿಗೂ ದಂಡಕ್ಕೂ ಜಾಗವಿದೆ. ಆಮೇಲೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು? ದಾರಿಯಲ್ಲಿ ಕೀಸುಳಿಯ ಎರಕದ ಮೈ ಬಿರುಕು ಬಿಟ್ಟರೆ ವಿಮೆಯವರು ಕೊಡುವುದೂ ಆ 40ರ ಲೆಕ್ಕದಲ್ಲೇ.

ವಾರಂಟಿಯಲ್ಲಿ ಬಿಟ್ಟಿ ಬಂದ ಬದಲಿ ಅಲಗಿಗೂ ಸುಂಕವೇ ಎಂದು ಗೊಣಗುವವರಿದ್ದಾರೆ. ನಿಮಗೆ ಬಿಟ್ಟಿ ಬಂದಿದ್ದರೂ ಅಲಗಿಗೆ ಬೆಲೆ ಇದ್ದೇ ಇದೆ. 'ವಾಣಿಜ್ಯ ಮೌಲ್ಯವಿಲ್ಲ' ಎಂದು ಪೊಟ್ಟಣದ ಮೇಲೆ ಬರೆದರೆ ಸೊನ್ನೆಯಾಗುವುದಿಲ್ಲ.

ನಿಜವಾಗಿ ಉಳಿತಾಯವಿರುವ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಬ್ರಿಟನ್ನಿನ ಅಂಗಡಿ ತೋರಿಸುವ ಬೆಲೆಯಲ್ಲಿ ಶೇ 20, ಜರ್ಮನಿಯದರಲ್ಲಿ ಶೇ 19 ವ್ಯಾಟ್ ಸೇರಿರುತ್ತದೆ. ಅದು ಅವರ ದೇಶದ ತೆರಿಗೆ. ಮಾಲು ರಫ್ತಾಗುವುದಾದರೆ ಅಂಗಡಿಯವನು ಅದನ್ನು ಕಳೆದು ಕೊಡಬಹುದು. ಕೆಲವರು ತಾವಾಗಿಯೇ ಕಳೆಯುತ್ತಾರೆ, ಕೆಲವರಿಗೆ ಕೇಳಬೇಕು. 120 ಪೌಂಡಿನ ಉಳಿಸೆಟ್ಟು 100 ಆಗುತ್ತದೆ, ನಮ್ಮ ಕಡೆಯ ಸುಂಕವೂ ಆ 100ರ ಮೇಲೆಯೇ ಬೀಳುತ್ತದೆ. ಜಪಾನಿನ ಜೊತೆ ನಮಗೆ 2011ರಿಂದ ವ್ಯಾಪಾರ ಒಪ್ಪಂದವಿದೆ ಎಂದು ನೆನಪಿಸುವವರಿಗೆ ಒಂದು ಮಾತು: ರಿಯಾಯಿತಿ ದರ ಬೇಕಾದರೆ ಮಾಲಿನ ಜೊತೆ ಮೂಲ ದೇಶದ ಪ್ರಮಾಣಪತ್ರ ಬರಬೇಕು. ಒಂದು ಗರಗಸ ಕೊಳ್ಳುವವನಿಗಾಗಿ ಯಾವ ಅಂಗಡಿಯವನೂ ಅದನ್ನು ಮಾಡಿಸುತ್ತ ಕೂರುವುದಿಲ್ಲ.

ಸುಂಕ ಬೇರೆ, ತೆರಿಗೆ ಬೇರೆ ಎಂದು ಇಷ್ಟು ಹಟ ಹಿಡಿದದ್ದು ವ್ಯಾಕರಣದ ಚಟಕ್ಕಲ್ಲ. ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಫರ್ನಿಚರ್ ಕಾರ್ಖಾನೆ ಇಟ್ಟು ಜಿಎಸ್‌ಟಿ ನೋಂದಣಿ ಮಾಡಿಸಿದವರು ಅದೇ ಕೀಸುಳಿಯನ್ನು ಕಸುಬಿಗೆಂದು ತರಿಸಿದರೆ ₹4,840ರ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಕೊರಿಯರ್ ಶುಲ್ಕದ ಮೇಲಿನ ₹270 ಕೂಡ ಹಾಗೆಯೇ. ₹2,665ರ ಸುಂಕ ಮಾತ್ರ ಹೋದದ್ದು ಹೋಯಿತು, ಅದಕ್ಕೆ ಕ್ರೆಡಿಟ್ ಇಲ್ಲ. ₹9,275ನ್ನೂ 'ಕಸ್ಟಮ್ಸ್ ಖರ್ಚು' ಎಂದು ಒಂದೇ ಸಾಲಿನಲ್ಲಿ ಬರೆದು ಅಕೌಂಟೆಂಟ್‌ಗೆ ಕಳಿಸುವವರು ₹5,000ಕ್ಕಿಂತ ಹೆಚ್ಚು ಹಣವನ್ನು ತಾವಾಗಿಯೇ ಬಿಟ್ಟುಕೊಡುತ್ತಿದ್ದಾರೆ. ಕ್ರೆಡಿಟ್ ಸಿಗಬೇಕಾದರೆ ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಕೊರಿಯರ್‌ನವರು ಕೆವೈಸಿಗೆಂದು ಆಧಾರ್ ಕೇಳಿದಾಗಲೇ ಆ ಸಂಖ್ಯೆಯನ್ನೂ ಕೊಡಿ, ಅವರು ಫೈಲ್ ಮಾಡುವ ಮೊದಲು. ಮಾಲು ಬಿಡುಗಡೆಯಾದ ಮೇಲೆ ಅದನ್ನು ತಿದ್ದಿಸುವುದು ದೊಡ್ಡ ಅಲೆದಾಟ.