ಹೊಸ ಪತಂಗವನ್ನು ವಿವರಿಸುವ ಬಗೆ: ವರ್ಗೀಕರಣ ಕಲಿಯುವವರಿಗೆ ಟಿಪ್ಪಣಿ

ದೀಪದ ಪರದೆಗೆ ಬಂದು ಕೂತ ಪತಂಗ ಯಾವ ಕೈಪಿಡಿಯ ಚಿತ್ರಕ್ಕೂ ಹೊಂದದಿದ್ದರೆ ಅದು ಹೊಸ ಪ್ರಭೇದ ಎಂದಾಗಲಿಲ್ಲ. ಬಹಳಷ್ಟು ಸಲ ಅದು ನೋಡಿದವರಿಗೆ ಮಾತ್ರ ಹೊಸದು. ಚಿಟ್ಟೆ, ಪತಂಗಗಳ ಗಣದಲ್ಲಿ ಈಗಾಗಲೇ ಹೆಸರಿರುವ ಪ್ರಭೇದಗಳು ಸುಮಾರು 1,60,000. ಅವುಗಳಲ್ಲಿ ಬಹುಪಾಲು ಪತಂಗಗಳೇ. ಕೈಪಿಡಿಗಳಲ್ಲಿ ಚಿತ್ರ ಸಮೇತ ಸಿಗುವುದು ಇದರ ಸಣ್ಣದೊಂದು ಪಾಲು. ಉಳಿದವನ್ನು ಹಳೆಯ ಪತ್ರಿಕೆಗಳ ನಾಲ್ಕು ಸಾಲಿನ ಲ್ಯಾಟಿನ್ ವಿವರಣೆಗಳಲ್ಲಿ, ಸಂಗ್ರಹಾಲಯಗಳ ಪೆಟ್ಟಿಗೆಗಳಲ್ಲಿ ಹುಡುಕಬೇಕು. ಹಾಗಾಗಿ ಹೊಸದನ್ನು ವಿವರಿಸುವವರ ಹೆಚ್ಚಿನ ಶ್ರಮ ಹಳೆಯದರ ಹುಡುಕಾಟದಲ್ಲೇ ಸವೆಯುತ್ತದೆ. ಆ ಕುಲದಲ್ಲಿ ಹೆಸರು ಪಡೆದ ಪ್ರತಿಯೊಂದನ್ನೂ ಎದುರಿಗಿಟ್ಟುಕೊಂಡು ‘ಇದು ಅದಲ್ಲ’ ಎಂದು ತೋರಿಸಿಕೊಡಬೇಕು. ಕೆಳಗೆ ಬರುವ ಪ್ರತಿ ಹಂತಕ್ಕೂ ಈ ಹೋಲಿಕೆಯೇ ತಳಪಾಯ.

ರೆಕ್ಕೆಯನ್ನು ಎಷ್ಟು ನಂಬಬೇಕು

ರೆಕ್ಕೆಯ ಬಣ್ಣ ಎರಡೂ ಕಡೆಯಿಂದ ದಾರಿ ತಪ್ಪಿಸುತ್ತದೆ. ಬಿಸ್ಟನ್ ಬೆಟುಲೇರಿಯ ಎಂಬ ಪತಂಗದ ಸಾಮಾನ್ಯ ರೂಪ ಬಿಳಿಯ ಮೇಲೆ ಕಪ್ಪು ಚುಕ್ಕೆಗಳದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ದಾಖಲಾದ ರೂಪ ಪೂರ್ತಿ ಕಪ್ಪು. ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಜೀವಿಗಳೆಂದೇ ತೋರುತ್ತವೆ, ಆದರೆ ಪ್ರಭೇದ ಒಂದೇ. ಲೈಮ್ಯಾಂಟ್ರಿಯ ಡಿಸ್ಪಾರ್‌ನಲ್ಲಿ ಗಂಡು ಕಂದು, ಹೆಣ್ಣು ದೊಡ್ಡದು ಮತ್ತು ಬಿಳಿಚು. ಗಂಡಿಗೊಂದು, ಹೆಣ್ಣಿಗೊಂದು ಹೆಸರಿಟ್ಟು ಕೊನೆಗೆ ಒಂದನ್ನು ಕೈಬಿಡಬೇಕಾಗಿ ಬಂದ ಪ್ರಸಂಗಗಳು ಪತಂಗಗಳ ಇತಿಹಾಸದಲ್ಲಿ ಬೇಕಾದಷ್ಟಿವೆ.

ತಿರುಗುಮುರುಗಿನ ಉದಾಹರಣೆ ಅಕ್ರೊನಿಕ್ಟ ಕುಲದಲ್ಲಿದೆ. ಲಿನೇಯಸ್ 1758ರಲ್ಲಿ ಹೆಸರಿಟ್ಟ ಅಕ್ರೊನಿಕ್ಟ ಪ್ಸೈ, 1775ರಲ್ಲಿ ಹೆಸರು ಪಡೆದ ಅಕ್ರೊನಿಕ್ಟ ಟ್ರೈಡೆನ್ಸ್ ಇವೆರಡೂ ಬೂದು ರೆಕ್ಕೆಯ ಮೇಲೆ ಕಠಾರಿಯಂಥ ಕಪ್ಪು ಗೆರೆ ಹೊತ್ತವು. ವಯಸ್ಕ ಪತಂಗಗಳನ್ನು ಬರಿಗಣ್ಣಿನಿಂದ ಭರವಸೆಯಾಗಿ ಬೇರ್ಪಡಿಸಲು ಆಗುವುದಿಲ್ಲ. ಕಂಬಳಿಹುಳುಗಳ ವಿಷಯದಲ್ಲಿ ಮಾತ್ರ ಯಾವ ಗೊಂದಲವೂ ಇಲ್ಲ. ಪ್ಸೈ ಹುಳುವಿನ ಬೆನ್ನುದ್ದಕ್ಕೂ ಅಗಲವಾದ ಹಳದಿ ಪಟ್ಟಿ, ಅದರ ಮುಂಭಾಗದಲ್ಲಿ ಎತ್ತರಕ್ಕೆ ಎದ್ದು ನಿಂತ ಕಪ್ಪು ಗೂಟ ಇರುತ್ತವೆ. ಟ್ರೈಡೆನ್ಸ್‌ನಲ್ಲಿ ಆ ಗೂಟ ಗಿಡ್ಡ, ಪಟ್ಟಿಯ ಬಣ್ಣವೂ ಬೇರೆ. ಸಾಧ್ಯವಾದಾಗಲೆಲ್ಲ ಮೊಟ್ಟೆಯಿಂದ ಸಾಕಿ ನೋಡಿ ಎಂದು ಹಿರಿಯರು ಹೇಳುವುದು ಇದಕ್ಕೇ. ವಿಪರ್ಯಾಸವೆಂದರೆ ಇಂದಿಗೂ ಎಷ್ಟೋ ಪತಂಗಗಳ ಕಂಬಳಿಹುಳು ಯಾವುದೆಂದು, ಅದು ಯಾವ ಗಿಡ ತಿನ್ನುತ್ತದೆಂದು ಬರೆಯದೆಯೇ ವಿವರಣೆಗಳು ಪ್ರಕಟವಾಗುತ್ತಿವೆ.

ಹೊಟ್ಟೆಯ ತುದಿಯಲ್ಲಿರುವ ಸಾಕ್ಷ್ಯ

ವಯಸ್ಕ ಪತಂಗವೇ ಕೈಯಲ್ಲಿದ್ದರೆ ನಿರ್ಣಯ ಹೆಚ್ಚಾಗಿ ಜನನಾಂಗದ ಮೇಲೆ ನಿಲ್ಲುತ್ತದೆ. ಒಣಗಿದ ಮಾದರಿಯ ಹೊಟ್ಟೆಯನ್ನು ಜೋಪಾನವಾಗಿ ಮುರಿದು ತೆಗೆದು, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕುತ್ತಾರೆ. ಬೆಚ್ಚಗೆ ಮಾಡಿದರೆ ಬೇಗ ಮೆತ್ತಗಾಗುತ್ತದೆ, ತಣ್ಣಗೇ ಬಿಟ್ಟರೆ ಒಂದು ರಾತ್ರಿ ಬೇಕು. ಕೊಬ್ಬು, ಸ್ನಾಯು ಕರಗಿ ಕೈಟಿನ್ ಎಂಬ ಗಟ್ಟಿ ಪದಾರ್ಥದ ಭಾಗ ಉಳಿಯುತ್ತದೆ. ಆಮೇಲೆ ನೀರಿನಲ್ಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಕುಂಚದಿಂದ ಹುರುಪೆಗಳನ್ನು ಸವರಿ ತೆಗೆದಾಗ ಒಳಗಿನ ರಚನೆ ತಿಳಿಯಾಗಿ ಕಾಣುತ್ತದೆ.

ಗಂಡಿನಲ್ಲಿ ನೋಡಬೇಕಾದವು: ಮೇಲ್ತುದಿಯ ಕೊಕ್ಕೆಯಂಥ ಅಂಕಸ್, ಇಕ್ಕೆಲಗಳಲ್ಲಿ ಹಿಡಿಕೆಯಂತಿರುವ ಎರಡು ವಾಲ್ವಗಳ ಅಂಚು ಮತ್ತು ಮುಳ್ಳುಗಳು, ನಡುವಿನ ಕೊಳವೆಯಾದ ಫ್ಯಾಲಸ್. ಫ್ಯಾಲಸ್‌ನೊಳಗೆ ಮಡಚಿಕೊಂಡಿರುವ ವೆಸಿಕ ಎಂಬ ತೆಳುಪೊರೆಯನ್ನು ಸಣ್ಣ ಸಿರಿಂಜಿನಿಂದ ಉಬ್ಬಿಸಿ ಹೊರತೆಗೆದರೆ ಅದರ ಮೇಲಿನ ಮುಳ್ಳುಗಳು ಕಾಣಿಸುತ್ತವೆ. ಅನೇಕ ಕುಲಗಳಲ್ಲಿ, ಹೊರಗೆ ಎಲ್ಲವೂ ಒಂದೇ ಆಗಿ ಕಂಡರೂ, ಈ ಮುಳ್ಳುಗಳ ಸಂಖ್ಯೆ ಮತ್ತು ಜಾಗದಲ್ಲೇ ವ್ಯತ್ಯಾಸ ಇರುತ್ತದೆ. ಹೆಣ್ಣಿನಲ್ಲಿ ಗಂಡಿನ ವೀರ್ಯ ಪಡೆಯುವ ಬರ್ಸ ಎಂಬ ಚೀಲದ ಆಕಾರ, ಅದರ ಗೋಡೆಯಲ್ಲಿ ಗಟ್ಟಿಯಾಗಿರುವ ಸಿಗ್ನಮ್ ಎಂಬ ಗುರುತು ಮುಖ್ಯ. ಗಾಜಿನ ತಟ್ಟೆಯ ಮೇಲೆ ಒತ್ತಿ ಕೂರಿಸುವ ಮುನ್ನ ಎಲ್ಲ ಕೋನಗಳಿಂದ ನೋಡಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಒತ್ತಿದ ಮೇಲೆ ನಿಜವಾದ ಆಕಾರ ಬದಲಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಸ್ಲೈಡಿಗೂ ಸೂಜಿಯಲ್ಲಿರುವ ಪತಂಗಕ್ಕೂ ಒಂದೇ ಸಂಖ್ಯೆಯ ಚೀಟಿ ಇರಲೇಬೇಕು. ಈ ಚೀಟಿ ಕಳೆದರೆ ಅಷ್ಟೂ ಶ್ರಮ ವ್ಯರ್ಥ.

ಡಿಎನ್‌ಎ ಬಗ್ಗೆ ಚುಟುಕಾಗಿ. ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ, ಡಿಎನ್‌ಎ ತುಣುಕಿನಿಂದ ಪ್ರಭೇದ ಗುರುತಿಸುವ ಬಾರ್‌ಕೋಡ್ ವಿಧಾನದಲ್ಲಿ ಮೈಟೊಕಾಂಡ್ರಿಯದ ಸಿಒಐ ಜೀನಿನ ಸುಮಾರು 658 ಅಕ್ಷರಗಳ ತುಣುಕನ್ನು ಓದುತ್ತಾರೆ. ಒಣಗಿದ ಪತಂಗದ ಒಂದು ಕಾಲು ಸಾಕು. ಆದರೆ ಈ ಜೀನು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಹಿಂದೆಂದೋ ಎರಡು ಪ್ರಭೇದಗಳ ನಡುವೆ ನಡೆದ ಮಿಶ್ರಣ ಅಥವಾ ವೊಲ್ಬಾಕಿಯ ಬ್ಯಾಕ್ಟೀರಿಯದ ಸೋಂಕು ಫಲಿತಾಂಶವನ್ನು ತಿರುಚಬಹುದು. ‘ಶೇ 2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಪ್ರಭೇದ’ ಎಂಬ ಗೆರೆಯನ್ನು ಎಲ್ಲ ಕುಲಗಳಿಗೂ ಎಳೆಯಲಾಗದು. ಬಾರ್‌ಕೋಡ್ ಎಬ್ಬಿಸಿದ ಅನುಮಾನವನ್ನು ಜನನಾಂಗವೂ ಒಪ್ಪಿದರೆ ಮಾತಿಗೆ ತೂಕ ಬರುತ್ತದೆ.

ಹೋಲೊಟೈಪ್

ಹೆಸರು ಅಂಟಿಕೊಳ್ಳುವುದು ಒಂದೇ ಒಂದು ಮಾದರಿಗೆ. ಅದು ಹೋಲೊಟೈಪ್. ವಿವರಣೆಗೆ ಆಧಾರವಾದ ಅದೇ ಸರಣಿಯಲ್ಲಿದ್ದು, ಪ್ಯಾರಾಟೈಪ್ ಎಂದು ಪಟ್ಟಿಯಾಗುವ ಉಳಿದ ಮಾದರಿಗಳು ಪ್ರಭೇದದೊಳಗಿನ ಏರುಪೇರು ತೋರಿಸಲು ನೆರವಾಗುತ್ತವೆ, ಆದರೆ ಹೆಸರನ್ನು ಹೊರುವುದಿಲ್ಲ. ಮುಂದೆಂದಾದರೂ ಈ ಸರಣಿಯಲ್ಲಿ ಎರಡು ಪ್ರಭೇದಗಳು ಬೆರೆತಿದ್ದವೆಂದು ಗೊತ್ತಾದರೆ, ಹೋಲೊಟೈಪ್ ಯಾವ ಗುಂಪಿಗೆ ಸೇರಿದೆಯೋ ಹೆಸರು ಆ ಕಡೆ ಹೋಗುತ್ತದೆ. ಆದ್ದರಿಂದ ರೆಕ್ಕೆ ಸವೆಯದ, ಕುಡಿಮೀಸೆ ಮುರಿಯದ, ಗುರುತಿನ ಲಕ್ಷಣ ಸ್ಪಷ್ಟವಾಗಿರುವ ಮಾದರಿಯನ್ನೇ ಆರಿಸಬೇಕು. ಗಂಡಿನ ಜನನಾಂಗದಿಂದಲೇ ಪ್ರಭೇದಗಳನ್ನು ಬೇರ್ಪಡಿಸುವ ಕುಲದಲ್ಲಿ ಹೆಣ್ಣನ್ನು ಹೋಲೊಟೈಪ್ ಮಾಡುವುದು ಮುಂದಿನವರಿಗೆ ತಂದಿಡುವ ತಲೆನೋವು.

ಪ್ರಾಣಿನಾಮಕರಣದ ಅಂತಾರಾಷ್ಟ್ರೀಯ ಸಂಹಿತೆ ಇಲ್ಲಿ ಕಟ್ಟುನಿಟ್ಟು. 1999ರ ನಂತರ ಪ್ರಕಟವಾಗುವ ಹೆಸರಿಗೆ ‘ಹೊಸ ಪ್ರಭೇದ’ ಎಂಬ ಸ್ಪಷ್ಟ ಘೋಷಣೆ, ಹೋಲೊಟೈಪ್‌ನ ಸ್ಪಷ್ಟ ಆಯ್ಕೆ, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗುತ್ತದೆ ಎಂಬ ಹೇಳಿಕೆ ಬೇಕು.

ಡಯಾಗ್ನೋಸಿಸ್ ಬರೆಯುವುದು

ಹೊಸಬರ ಬರಹದಲ್ಲಿ ಸಾಮಾನ್ಯವಾಗಿ ವಿವರಣೆ ಎರಡು ಪುಟ, ಡಯಾಗ್ನೋಸಿಸ್ ಎರಡು ಸಾಲು ಇರುತ್ತದೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಅನುಪಾತ. ವಿವರಣೆ ತಲೆಯಿಂದ ಬಾಲದವರೆಗೆ ಎಲ್ಲವನ್ನೂ ದಾಖಲಿಸುತ್ತದೆ. ಡಯಾಗ್ನೋಸಿಸ್ ಹತ್ತಿರದ ಪ್ರಭೇದಗಳಿಂದ ಇದನ್ನು ಬಿಡಿಸಿ ತೋರುವ ಭಾಗ, ಓದುವವರು ಮೊದಲು ತೆರೆಯುವುದೂ ಅದನ್ನೇ. 1930ರ ನಂತರದ ಹೆಸರುಗಳಿಗೆ ಭೇದ ತೋರುವ ಲಕ್ಷಣಗಳನ್ನು ಮಾತಿನಲ್ಲಿ ಹೇಳಿರಬೇಕೆಂದು ಸಂಹಿತೆಯೇ ವಿಧಿಸುತ್ತದೆ. ಎಷ್ಟೇ ಚೆಂದದ ಫೋಟೊ ಆದರೂ ಅದೊಂದೇ ಸಾಲದು.

‘ಮಧ್ಯಮ ಗಾತ್ರದ, ಕಂದು ಬಣ್ಣದ, ಮುಂರೆಕ್ಕೆಯಲ್ಲಿ ಗೆರೆಗಳುಳ್ಳ ಪತಂಗ’ ಎಂಬ ವಾಕ್ಯ ಸಾವಿರಾರು ಪ್ರಭೇದಗಳಿಗೆ ಒಪ್ಪುತ್ತದೆ. ಬದಲಿಗೆ ಹೀಗಿರಲಿ: ‘ಮುಂರೆಕ್ಕೆಯ ಹೊರಗೆರೆ ಮುಂಚೂಣಿ ಅಂಚಿನ ಬಳಿ ಮೊನಚಾಗಿ ತಿರುಗುತ್ತದೆ, ಹತ್ತಿರದ ಪ್ರಭೇದದಲ್ಲಿ ಅಲ್ಲಿ ಗುಂಡಗೆ ಬಾಗುತ್ತದೆ. ವಾಲ್ವದ ತುದಿ ಎರಡಾಗಿ ಸೀಳಿದೆ, ಅದರಲ್ಲಿ ಒಂದೇ.’ ಪ್ರತಿ ಲಕ್ಷಣಕ್ಕೂ ಎದುರು ಲಕ್ಷಣ, ಅದರ ಒಡೆಯನ ಹೆಸರು. ಗಾತ್ರ ಕೊಡುವಾಗ ಮುಂರೆಕ್ಕೆಯ ಬುಡದಿಂದ ತುದಿಯವರೆಗಿನ ಉದ್ದವನ್ನು ಮಿಲಿಮೀಟರಿನಲ್ಲಿ ಕೊಡಿ. ರೆಕ್ಕೆ ಹರಡಿದ ಅಗಲ, ಮಾದರಿಯನ್ನು ಹಲಗೆಯ ಮೇಲೆ ಹೇಗೆ ಬಿಡಿಸಿದ್ದಾರೆ ಎಂಬುದರ ಮೇಲೆ ಬದಲಾಗುತ್ತದೆ.

ಹೆಸರಿಡುವುದು

ಎಲ್ಲರಿಗೂ ಆಸೆ ಹುಟ್ಟಿಸುವ ಭಾಗ, ಕೆಲಸದಲ್ಲಿ ಮಾತ್ರ ಅತಿ ಚಿಕ್ಕದು. ಒಬ್ಬ ಪುರುಷನ ಗೌರವಕ್ಕಾದರೆ ಕೊನೆಯಲ್ಲಿ ‘ಇ’, ಮಹಿಳೆಗಾದರೆ ‘ಏ’ ಪ್ರತ್ಯಯ. ತನ್ನ ಹೆಸರನ್ನೇ ಇಟ್ಟುಕೊಳ್ಳಲು ಸಂಹಿತೆಯಲ್ಲಿ ನಿಷೇಧವಿಲ್ಲ, ಆದರೆ ಈ ಕ್ಷೇತ್ರದಲ್ಲಿ ಅದನ್ನು ಮೆಚ್ಚುವವರಿಲ್ಲ. ಸುದ್ದಿಗೆ ಬಂದ ಹೆಸರೆಂದರೆ 2017ರಲ್ಲಿ ವಾಜ್ರಿಕ್ ನಜಾರಿ ವಿವರಿಸಿದ ನಿಯೊಪಾಲ್ಪ ಡೊನಾಲ್ಡ್‌ಟ್ರಂಪಿ. ತಲೆಯ ಮೇಲಿನ ಹಳದಿ ಮಿಶ್ರಿತ ಬಿಳಿ ಹುರುಪೆಗಳೇ ಹೆಸರಿಗೆ ನೆಪ. ನಗು ಬದಿಗಿಟ್ಟರೆ ಅದು ಕಲಿಯಲು ಯೋಗ್ಯವಾದ ಪ್ರಬಂಧ. ಮಾದರಿಗಳಲ್ಲಿ ಕೆಲವು ಕ್ಯಾಲಿಫೋರ್ನಿಯದ ಸಂಗ್ರಹಾಲಯವೊಂದರಿಂದ ಎರವಲು ಬಂದವು. ಒಂದೇ ಪ್ರಭೇದವಿದ್ದ ಕುಲವನ್ನು ಮರುಪರಿಶೀಲಿಸುವಾಗ ಎರಡನೆಯದು ಹೊರಬಿತ್ತು.

ಹೆಸರಿನ ಮುಂದೆ ಲೇಖಕರ ಹೆಸರು, ವರ್ಷ ಬರುತ್ತವೆ. ಬಿಸ್ಟನ್ ಬೆಟುಲೇರಿಯ (ಲಿನೇಯಸ್, 1758) ಎಂದು ಆವರಣದೊಳಗೆ ಇದ್ದರೆ, ಲಿನೇಯಸ್ ಅದನ್ನು ಬೇರೆ ಕುಲದಲ್ಲಿ ಇಟ್ಟಿದ್ದ, ಆಮೇಲೆ ಯಾರೋ ಸ್ಥಳಾಂತರಿಸಿದರು ಎಂದರ್ಥ. ಆತ ಅದನ್ನು ಇಟ್ಟಿದ್ದ ಫಲೀನ ಕುಲದಲ್ಲಿ ಆಗ ಬಹುತೇಕ ಪತಂಗಗಳೆಲ್ಲ ತುಂಬಿದ್ದವು.

ಕೊನೆಯದಾಗಿ, ಮುದ್ರಣವಿಲ್ಲದೆ ಅಂತರ್ಜಾಲದಲ್ಲಷ್ಟೇ ಪ್ರಕಟವಾಗುವ ಪ್ರಬಂಧಗಳಿಗೆ 2012ರಿಂದ ಮಾನ್ಯತೆ ಸಿಕ್ಕಿದೆ. ಅದಕ್ಕೆ ಪ್ರಬಂಧವನ್ನು ಮೊದಲೇ ಝೂಬ್ಯಾಂಕಿನಲ್ಲಿ, ಅಂದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ನೋಂದಣಿಯಲ್ಲಿ, ನೋಂದಾಯಿಸಿ, ನೋಂದಣಿಯ ಪುರಾವೆಯನ್ನು ಪ್ರಬಂಧದೊಳಗೇ ಕೊಡಬೇಕು. ಪ್ರಕಟಣೆಗೆ ಮುಂಚೆ ಹೊಸ ಹೆಸರನ್ನು ಭಿತ್ತಿಪತ್ರದಲ್ಲೋ ಸುದ್ದಿ ತುಣುಕಿನಲ್ಲೋ ಹರಿಯಬಿಡಬೇಡಿ. ವಿವರಣೆಯಿಲ್ಲದೆ ಓಡಾಡುವ ಅಂಥ ಹೆಸರಿಗೆ ಸಂಹಿತೆಯಲ್ಲಿ ಸ್ಥಾನವಿಲ್ಲ, ಅದೇ ಹೆಸರನ್ನು ಇನ್ನೊಬ್ಬರು ಬೇರೊಂದು ಪತಂಗಕ್ಕೆ ಇಟ್ಟರೂ ತಡೆಯಲಾಗದು.