ಓಟಕ್ಕೆ ಇಟ್ಟ ಹೆಸರು, ಗುಡಿಯ ದಾರಿಗೆ ಬಂದಿದ್ದು ಹೇಗೆ?

1850ರಲ್ಲಿ ಈಜಿಪ್ಟಿನ ಸಕ್ಕಾರ ಎಂಬ ಜಾಗದಲ್ಲಿ ಅಡ್ಡಾಡುತ್ತಿದ್ದ ಫ್ರೆಂಚ್ ವಿದ್ವಾಂಸ ಒಗಸ್ಟ್ ಮಾರಿಯೆಟ್‌ಗೆ ಮರಳಿನಿಂದ ಇಣುಕುವ ಕಲ್ಲಿನ ತಲೆಯೊಂದು ಕಂಡಿತು. ಸ್ಫಿಂಕ್ಸ್‌ನ ತಲೆ. ಸ್ಫಿಂಕ್ಸ್ ಅಂದರೆ ಸಿಂಹದ ಮೈ, ಮನುಷ್ಯನ ತಲೆಯ ಮೂರ್ತಿ. ಮೈಯೆಲ್ಲ ಮರಳಿನೊಳಗೆ. ಅವನು ಆ ದೇಶಕ್ಕೆ ಬಂದಿದ್ದು ಹಳೆಯ ಹಸ್ತಪ್ರತಿ ಕೊಳ್ಳಲು. ಆದರೆ ತಲೆ ನೋಡಿದ್ದೇ ತಡ, ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಪಕ್ಕದ ಹಳೆಯ ನಗರ ಮೆಂಫಿಸ್ ಬಗ್ಗೆ ಬರೆದದ್ದು ನೆನಪಾಯಿತು: ಮೆಂಫಿಸ್‌ನ ಸೆರಾಪಿಸ್ ದೇವರ ಗುಡಿಯ ಬಳಿ ಗಾಳಿಗೆ ಮರಳು ಗುಡ್ಡೆ ಬೀಳುತ್ತದೆ, ಸ್ಫಿಂಕ್ಸ್‌ಗಳು ಕೆಲವು ಅರ್ಧ, ಕೆಲವು ಕುತ್ತಿಗೆವರೆಗೆ ಹೂತಿವೆ. ಹಸ್ತಪ್ರತಿ ಮೂಲೆಗೆ ಬಿತ್ತು, ಅಗೆತ ಶುರುವಾಯಿತು. ಸ್ಫಿಂಕ್ಸ್‌ಗಳ ಸಾಲು ಹಿಡಿದು ಹೋದವನಿಗೆ ಕೊನೆಗೆ ಸಿಕ್ಕಿದ್ದು ಈಜಿಪ್ಟಿನವರು ದೇವರೆಂದು ಪೂಜಿಸುತ್ತಿದ್ದ ಏಪಿಸ್ ಹೋರಿಗಳ ನೆಲಮಾಳಿಗೆ ಸಮಾಧಿ.

ಗುಡಿಯ ಮುಂದೆ ಕಲ್ಲು ಹಾಸಿ, ಎರಡೂ ಬದಿಗೆ ಸ್ಫಿಂಕ್ಸ್ ಕೂರಿಸಿದ ಇಂಥ ದಾರಿಯನ್ನು ಸ್ಟ್ರಾಬೊ ‘ಡ್ರೊಮೊಸ್’ ಅಂದ. ಗ್ರೀಕಿನಲ್ಲಿ ಡ್ರೊಮೊಸ್ ಅಂದರೆ ಓಟ. ದೇವರ ಮುಂದೆ ಯಾರಾದರೂ ಓಡುತ್ತಾರಾ?

ಮೊದಲು ಅದು ಸುಮ್ನೆ ಓಟವೇ. ಸಂಸ್ಕೃತದ ‘ದ್ರಮತಿ’, ಅಂದರೆ ಓಡುತ್ತಾನೆ, ಇದರ ನೆಂಟ. ಆಮೇಲೆ ಓಡುವ ಜಾಗಕ್ಕೂ ಅದೇ ಹೆಸರಾಯಿತು. ಸ್ಪಾರ್ಟಾದ ಹುಡುಗರು ಓಟ ಕಲಿಯುತ್ತಿದ್ದ ಬಯಲಿನ ಹೆಸರೇ ಡ್ರೊಮೊಸ್. ಕ್ರೀಟ್ ದ್ವೀಪದವರು ಇನ್ನೂ ಮುಂದೆ ಹೋದರು. ಅಲ್ಲಿನ ಗೊರ್ಟಿನ್ ಊರಲ್ಲಿ ಕಲ್ಲಿನ ಗೋಡೆಗೆ ಕೆತ್ತಿದ ಕಾನೂನಿದೆ. ಅದರಲ್ಲಿ ವಯಸ್ಸಿಗೆ ಬಂದ ಗಂಡಸು ‘ಡ್ರೊಮೆಯುಸ್’, ಓಟಗಾರ. ಇನ್ನೂ ಚಿಕ್ಕವನು ‘ಅಪೊಡ್ರೊಮೊಸ್’, ಓಟದ ಹೊರಗಿನವನು. ವಯಸ್ಸು ಅಳೆಯಲು ಎಂಥ ಗೆರೆ ನೋಡಿ!

ಓಟ ಮತ್ತು ಮೆರವಣಿಗೆ ಕೂಡಿದ್ದು ಅಥೆನ್ಸ್‌ನಲ್ಲಿ. ಅಥೀನಾ ದೇವಿಗೆ ಹೊಸ ಸೀರೆಯಂಥ ಬಟ್ಟೆ ಹೊತ್ತು ಸಾಗುತ್ತಿದ್ದ ಹಬ್ಬದ ಬೀದಿಗೂ ಡ್ರೊಮೊಸ್ ಅನ್ನುತ್ತಿದ್ದರು. ಅದೇ ಬೀದಿ ಸಂತೆ ಮೈದಾನ ದಾಟುವ ಕಡೆ ಓಟದ ಪಂದ್ಯವೂ ನಡೆಯುತ್ತಿತ್ತು. ಓಟ ಶುರುವಾಗುವ ಗೆರೆಯಲ್ಲಿ ಕಂಬ ನೆಡಲು ಚೌಕ ಕೊರೆದ ಕಲ್ಲುಗಳು ಅಗೆತದಲ್ಲಿ ಸಿಕ್ಕಿವೆ. ಉದ್ದ, ನೇರ, ಅಗಲ: ಓಡುವುದಕ್ಕೆ ಬೇಕಾದ್ದೇ ಮೆರವಣಿಗೆಗೂ ಬೇಕು, ಅಲ್ವಾ? ಈಜಿಪ್ಟಿಗೆ ಹೋದ ಗ್ರೀಕರು ಗುಡಿಯ ದಾರಿ ನೋಡಿ ತಮ್ಮ ಹಳೆಯ ಪದವನ್ನೇ ಅಂಟಿಸಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಅಲ್ಲಿ ಧಾನ್ಯ ಅಳೆಯುವ ಒಂದು ಕೊಳಗಕ್ಕೂ ‘ಡ್ರೊಮೊಸ್ ಅಳತೆ’ ಅಂತಲೇ ಹೆಸರು ಬಿತ್ತು.

ಗ್ರೀಸಿನ ಪುರಾತನ ಊರು ಮೈಸಿನೆಯ ‘ಏಟ್ರಿಯಸ್‌ನ ಖಜಾನೆ’ ಎಂಬ ಗುಮ್ಮಟದ ಸಮಾಧಿಗೆ ಹೋಗುವ ಸುಮಾರು 36 ಮೀಟರ್ ಉದ್ದದ ಓಣಿಯನ್ನೂ ಪುರಾತತ್ವದವರು ಡ್ರೊಮೊಸ್ ಅನ್ನುತ್ತಾರೆ. ಅಲ್ಲಂತೂ ಹೆಣ ಹೊತ್ತವರ ನಡಿಗೆ.

ಓಟ ಉಳಿದಿದ್ದು ಬೇರೆ ಪದಗಳ ಬಾಲದಲ್ಲಿ. ಕುದುರೆ ಓಡಿದರೆ ಹಿಪ್ಪೊಡ್ರೋಮ್. ನಮ್ಮ ಹಿರಿಯರು ವಿಮಾನ ನಿಲ್ದಾಣಕ್ಕೆ ಹೇಳುತ್ತಿದ್ದ ಏರೋಡ್ರೋಮ್ ಅದೇ ಅಚ್ಚಿನದು. ರೋಗದ ಲಕ್ಷಣಗಳು ಜತೆಯಾಗಿ ಓಡಿ ಬಂದರೆ ಸಿಂಡ್ರೋಮ್. ‘ವಿಕಟಕವಿ’ಯಂತೆ ಹಿಂದಕ್ಕೆ ಓಡಿದರೆ ಪ್ಯಾಲಿಂಡ್ರೋಮ್. ಗ್ರೀಸ್‌ನಲ್ಲಿ ಇವತ್ತು ಡ್ರೊಮೊಸ್ ಅಂದರೆ ಸಾಮಾನ್ಯವಾಗಿ ರಸ್ತೆ.