ಹಾಡು ಮನೆಗೆ ಬಂತು, ಹಿನ್ನೆಲೆ ಸಂಗೀತ ಥಿಯೇಟರಲ್ಲೇ ಉಳಿಯಿತು

ಮಂಡ್ಯ ಕಡೆಯ ಕಲ್ಯಾಣ ಮಂಟಪಗಳಲ್ಲಿ ಈಗ ರಿಸೆಪ್ಷನ್‌ಗೆ ಹೋದವರಿಗೆ ಇದು ಗೊತ್ತಿರುತ್ತದೆ: ಗಂಡು ವೇದಿಕೆ ಹತ್ತುವಾಗ ಡಿಜೆ ಹಾಕುವುದು ಹಾಡಲ್ಲ. ಎದೆ ನಡುಗಿಸುವ ಡ್ರಮ್ಮು, ಅದರ ಮೇಲೆ ಗಂಡಸರ ಗುಂಪಿನ ಹೂಂಕಾರ, ಪಕ್ಕದಲ್ಲಿ ಬುಸುಗುಡುವ ಹೊಗೆ ಮಿಷನ್ನು. ‘ಕೆಜಿಎಫ್’ ಚಿತ್ರದ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದರೂ ಸರಿ, ಆ ಒಂದು ನಿಮಿಷ ನಡಿಗೆಯೇ ಬೇರೆ. ಹಿಂದೆ ಇಂಥ ಕಡೆ ಆರ್ಕೆಸ್ಟ್ರಾದವರು ಒಂದು ಯುಗಳಗೀತೆ ಎತ್ತಿಕೊಳ್ಳುತ್ತಿದ್ದರು. ಮಾತೇ ಇಲ್ಲದ ಸಿನಿಮಾ ಸಂಗೀತಕ್ಕೆ ನಮ್ಮ ಜನ ಶಿಳ್ಳೆ ಹೊಡೆಯಲು ಶುರು ಮಾಡಿದ್ದು ತೀರಾ ಈಚೆಗೆ. ಇಷ್ಟು ವರ್ಷ ಅದು ಎಲ್ಲಿತ್ತು?

ವಿಚಿತ್ರವೆಂದರೆ ಸಿನಿಮಾ ಹುಟ್ಟಿದ್ದೇ ಮಾತಿಲ್ಲದ ಸಂಗೀತದ ಜೊತೆಗೆ. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಬಳಿ ವಾದ್ಯಗಾರರು ಕೂತು, ಚಿತ್ರ ಓಡುತ್ತಿದ್ದ ಹಾಗೇ ನುಡಿಸುತ್ತಿದ್ದರು. ಮೈಸೂರು ಶಿವರಾಂಪೇಟೆಯ ರಾಜಪ್ಪ ಹಾಗೆ ಹಾರ್ಮೋನಿಯಂ, ಕೊಳಲು ನುಡಿಸಿದವರು. ಮುಂದೆ ರಾಜನ್–ನಾಗೇಂದ್ರ ಎಂದು ಹೆಸರಾದ ಸೋದರರ ತಂದೆ. ಅಣ್ಣನಿಗೆ ಪಿಟೀಲು, ತಮ್ಮನಿಗೆ ಜಲತರಂಗ ಒಲಿದದ್ದು ಆ ಮನೆಯ ವಾತಾವರಣದಲ್ಲೇ.

1934ರಲ್ಲಿ ‘ಸತಿ ಸುಲೋಚನ’ ಬಂದು ಕನ್ನಡ ಸಿನಿಮಾಗೆ ಬಾಯಿ ಬಂತು. ಬಂದ ಬಾಯಿ ನಾಟಕ ಕಂಪನಿಯದು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಇಬ್ಬರೂ ಕಂಪನಿ ರಂಗಭೂಮಿಯಿಂದ ಹೋದವರು. ಅಲ್ಲಿನ ಲೆಕ್ಕಾಚಾರ ಸರಳ: ಪ್ರೇಕ್ಷಕ ದುಡ್ಡು ಕೊಡುವುದು ಹಾಡಿಗೆ, ಮೆಚ್ಚಿದರೆ ‘ಒನ್ಸ್ ಮೋರ್’ ಕೂಗುತ್ತಾನೆ, ನಟ ಸತ್ತುಬಿದ್ದ ಪಾತ್ರದಲ್ಲಿದ್ದರೂ ಎದ್ದು ಹಾಡಬೇಕು. ಮಹಾರಾಜರ ಆಶ್ರಯದಲ್ಲಿ ನಾಟಕ ಸಭೆ ಬೆಳೆದ, ನಟ ವರದಾಚಾರ್ಯರ ಕಂದಪದ್ಯಕ್ಕೆ ಮರುಳಾಗಿದ್ದ ಮೈಸೂರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಡುಗಳ ನಡುವೆ ಹಾರ್ಮೋನಿಯಂ ಮೇಷ್ಟ್ರು ಹಿಡಿಯುತ್ತಿದ್ದ ಶ್ರುತಿ, ನುಡಿಸುತ್ತಿದ್ದ ನಾಲ್ಕು ಸಣ್ಣ ತುಣುಕು, ಅಷ್ಟೇ ಹಿನ್ನೆಲೆ. ಸಿನಿಮಾವೂ ಬಹುಕಾಲ ಅದನ್ನೇ ನಡೆಸಿತು.

ಆದರೆ ಬರೀ ಅಭಿರುಚಿಯ ಮೇಲೆ ತಪ್ಪು ಹೊರಿಸಿದರೆ ಅರ್ಧ ಕಥೆ ಹೇಳಿದಂತೆ. ಹಾಡಿಗೆ ಥಿಯೇಟರಿನಿಂದ ಹೊರಗೆ ಬರಲು ವಾಹನವಿತ್ತು, ಹಿನ್ನೆಲೆ ಸಂಗೀತಕ್ಕೆ ಇರಲಿಲ್ಲ. 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಪಲ್ಲವಿ, ಎರಡು ಚರಣ, ನಡುವೆ ವಾದ್ಯ: ಚಿತ್ರಗೀತೆಯ ಮೈಕಟ್ಟಿಗೆ ಈ ಪ್ಲೇಟಿನ ಅಳತೆಯೂ ಒಂದು ಕಾರಣ. ಸಂಭಾಷಣೆಯ ಅಡಿಯಲ್ಲಿ ಹರಿಯುವ ಇಪ್ಪತ್ತು ಸೆಕೆಂಡಿನ ಪಿಟೀಲನ್ನು ಯಾವ ಪ್ಲೇಟಿಗೆ ಹಾಕುವುದು, ಯಾರಿಗೆ ಮಾರುವುದು? ಅದು ಫಿಲ್ಮಿನ ಅಂಚಿನ ಸೌಂಡ್ ಟ್ರ್ಯಾಕಿನಲ್ಲಿ ಮಾತಿನ ಜೊತೆ ಬೆರೆತು ಹೋಯಿತು.

ರೇಡಿಯೊದ ಕಥೆಯೂ ಇದೇ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ್ದರು. ಅದೇ ಹೆಸರು ಮುಂದೆ ದೇಶದ ಬಾನುಲಿಗೇ ಆಯಿತು. ಚಿತ್ರಗೀತೆಗೆ ಮಾತ್ರ ಸರ್ಕಾರಿ ರೇಡಿಯೊದ ಬಾಗಿಲು ಸಲೀಸಾಗಿ ತೆರೆಯಲಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದಾಗ ಸಿನಿಮಾ ಹಾಡು ಕೀಳೆಂದು ದೂರ ಇಟ್ಟರು. ಜನ ರೇಡಿಯೊ ಸಿಲೋನ್‌ಗೆ ಮುಳ್ಳು ತಿರುಗಿಸಿದರು. 1957ರಲ್ಲಿ ಸಿನಿಮಾ ಹಾಡು ಹಾಕುವ ಸರ್ಕಾರಿ ರೇಡಿಯೊದ್ದೇ ವಿವಿಧ ಭಾರತಿ ಬಂದ ಮೇಲೆ ರಾಜಿಯಾಯಿತು. ಈ ಜಗಳದಲ್ಲಿ ಸೋತಿದ್ದು, ಗೆದ್ದಿದ್ದು ಎರಡೂ ಹಾಡೇ. ಹಿನ್ನೆಲೆ ಸಂಗೀತಕ್ಕೆ ನಿಷೇಧ ಹಾಕುವಷ್ಟು ಬೆಲೆಯನ್ನೂ ಯಾರೂ ಕೊಡಲಿಲ್ಲ.

ಕೆಲಸ ನಡೆಯುತ್ತಿದ್ದ ರೀತಿ ನೋಡಿದರೆ ಅದರ ಮೇಲೆ ಕನಿಕರವೇ ಬರುತ್ತದೆ. ಉದ್ಯಮದವರ ಬಾಯಲ್ಲಿ ಅದು ರೀರೆಕಾರ್ಡಿಂಗ್. ಶೂಟಿಂಗ್, ಎಡಿಟಿಂಗ್, ಡಬ್ಬಿಂಗ್ ಎಲ್ಲ ಮುಗಿದ ಮೇಲೆ ಅದರ ಸರದಿ. ಅಷ್ಟೊತ್ತಿಗೆ ನಿರ್ಮಾಪಕರ ಜೇಬು ಬರಿದಾಗಿ, ಬಿಡುಗಡೆಯ ದಿನ ಕುತ್ತಿಗೆಗೆ ಬಂದಿರುತ್ತದೆ. ಮದ್ರಾಸಿನ ಸ್ಟುಡಿಯೊದಲ್ಲಿ ಒಂದೊಂದೇ ರೀಲು ಓಡಿಸುತ್ತಾರೆ. ಸಾವಿರ ಅಡಿಯ ರೀಲು ಅಂದರೆ ಸುಮಾರು 11 ನಿಮಿಷ. ಸಂಗೀತ ನಿರ್ದೇಶಕರು ನೋಡಿ, ಎಲ್ಲಿಂದ ಎಲ್ಲಿಗೆ ಎಷ್ಟು ಸೆಕೆಂಡು ಎಂದು ಗುರುತು ಹಾಕಿಕೊಂಡು, ಸ್ವರ ಬರೆದು ವಾದ್ಯಗಾರರ ಮುಂದಿಡಬೇಕು. ಅದೇ ರೀಲು ಮತ್ತೆ ಓಡುತ್ತದೆ, ಎಲ್ಲರೂ ಒಟ್ಟಿಗೆ ನುಡಿಸುತ್ತಾರೆ. ಒಬ್ಬರು ತಪ್ಪಿದರೂ ಮತ್ತೆ ಮೊದಲಿಂದ. ಇಷ್ಟು ಗಡಿಬಿಡಿಯಲ್ಲಿ ಸಿದ್ಧ ಸೂತ್ರಗಳೇ ಕೈಹಿಡಿಯುತ್ತಿದ್ದವು: ಸಾವಿಗೆ ಶಹನಾಯಿ, ವಿರಹಕ್ಕೆ ಸಿತಾರು, ಖಳನಾಯಕನಿಗೆ ಟ್ರಂಪೆಟ್ಟು. ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೊ ಇದ್ದು ಇಲ್ಲೇ ಚಿತ್ರೀಕರಣಗಳಾಗುತ್ತಿದ್ದ ಕಾಲದಲ್ಲೂ ಸಂಗೀತಕ್ಕೆ ರೈಲು ಹತ್ತಿ ಮದ್ರಾಸಿಗೇ ಹೋಗಬೇಕಿತ್ತು.

ಜಾಣ ಸಂಗೀತ ನಿರ್ದೇಶಕರು ಇದಕ್ಕೆ ಒಂದು ಉಪಾಯ ಕಂಡುಕೊಂಡರು: ಹಾಡನ್ನೇ ಹಿನ್ನೆಲೆಯಾಗಿಸುವುದು. 1971ರ ‘ಕಸ್ತೂರಿ ನಿವಾಸ’ ನೋಡಿ. ಜಿ.ಕೆ. ವೆಂಕಟೇಶ್ ಅವರ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಬೀಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಹಾಡು ಮೊದಲು ಬಂದಾಗ ಅದರಲ್ಲಿ ಸೋಲರಿಯದವನ ಠೀವಿ ಇದೆ. ಮುಂದೆ ಅದೇ ಧಾಟಿ ಆಟ ಮುಗಿದ ಮಾತು ಹೊತ್ತು ಶೋಕವಾಗಿ ಬರುತ್ತದೆ. ರಾಗ ಮೊದಲೇ ಮನಸ್ಸಿನಲ್ಲಿ ಕೂತಿರುವುದರಿಂದ ಎರಡನೇ ಸಲ ಅದು ನೋಯಿಸುತ್ತದೆ. ರಾಜನ್–ನಾಗೇಂದ್ರರಂತೂ ‘ಗಂಧದ ಗುಡಿ’, ‘ಎರಡು ಕನಸು’, ‘ನಾ ನಿನ್ನ ಮರೆಯಲಾರೆ’ ಎಂದು ಎಪ್ಪತ್ತರ ದಶಕದಲ್ಲಿ ಕೊಟ್ಟ ಮಾಧುರ್ಯ ಎಷ್ಟಿತ್ತೆಂದರೆ, ಆ ಚಿತ್ರಗಳಲ್ಲಿ ಬೇರೆ ಹಿನ್ನೆಲೆ ಸಂಗೀತ ಇತ್ತೇ ಎಂದು ಕೇಳಿದರೆ ನಾವು ಯಾರೂ ಉತ್ತರ ಹೇಳಲಾರೆವು.

ಅದೇ ಹೊತ್ತಿಗೆ ಇನ್ನೊಂದು ದಾರಿ ತೆರೆದಿತ್ತು. ಅದರ ಇಬ್ಬರು ಮುಖ್ಯರು ಮುಂದೆ ಮೈಸೂರಿನವರೇ ಆದರು ಎಂಬುದನ್ನು ಈ ಊರು ಇನ್ನಷ್ಟು ಹೇಳಿಕೊಳ್ಳಬೇಕು.

ಮೊದಲನೆಯವರು ರಾಜೀವ ತಾರಾನಾಥ್. ಅಲಿ ಅಕ್ಬರ್ ಖಾನರ ಶಿಷ್ಯರು, ಇಂಗ್ಲಿಷ್ ಮೇಷ್ಟ್ರು, 2024ರಲ್ಲಿ ತೀರಿಕೊಳ್ಳುವವರೆಗೂ ಮೈಸೂರಿನಲ್ಲಿದ್ದವರು. ಸರೋದ್ ವಾದಕರೆಂದು ಊರಿಗೆಲ್ಲ ಗೊತ್ತು. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಅವರೇ ಎಂಬುದು ಎಷ್ಟು ಜನಕ್ಕೆ ಗೊತ್ತು? ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸುಡುವವರಿಲ್ಲ. ಇಂಥ ಕಥೆಗೆ ಶಹನಾಯಿ ಊದಿಸುವುದು ಎಷ್ಟು ಸುಲಭವಿತ್ತು! ಹಾಡಿನ ಆಸರೆಯಿಲ್ಲದ ಆ ಚಿತ್ರದಲ್ಲಿ ಸಂಗೀತ ಬೇಕಾದಲ್ಲಿ ಮಾತ್ರ ಬಂದು ಹೋಗುತ್ತದೆ.

ಎರಡನೆಯವರು ಬಿ.ವಿ. ಕಾರಂತರು. 1975ರಲ್ಲಿ ಅವರು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟ ‘ಚೋಮನ ದುಡಿ’ ಹಿನ್ನೆಲೆ ಸಂಗೀತದ ಪಾಠದಂತಿದೆ. ಬೇಸಾಯ ಮಾಡಲು ತುಂಡು ಭೂಮಿಗಾಗಿ ಹಂಬಲಿಸುವ ಚೋಮ ದುಃಖವಾದರೂ ಸಿಟ್ಟು ಬಂದರೂ ದುಡಿ ಎಂಬ ಚರ್ಮವಾದ್ಯಕ್ಕೆ ಕೈಹಾಕುತ್ತಾನೆ. ವಾದ್ಯ ಅವನ ಗುಡಿಸಲಿನಲ್ಲೇ ಇದೆ. ನುಡಿಸುವವನೂ ಅವನೇ. ಹೊರಗಿನಿಂದ ತಂದು ಅಂಟಿಸಿದ ಸಂಗೀತ ಅದಲ್ಲ. ಚೋಮನಾಗಿ ನಟಿಸಿದ ವಾಸುದೇವರಾಯರು ಬಾಯಲ್ಲಿ ಹೇಳದ್ದನ್ನು ಬೆರಳು ಹೇಳುತ್ತದೆ. ಪೆಟ್ಟು ಬಿರುಸಾದಷ್ಟೂ ಅವನಿಗೆ ದಾರಿ ಮುಚ್ಚುತ್ತಿದೆ ಎಂದು ನಮಗೆ ತಿಳಿಯುತ್ತದೆ, ಕೊನೆಗೂ ಅವನ ಜೊತೆಗಿರುವುದು ಅದೇ ದುಡಿ. ಕಾರಂತರಿಗೆ ಮುಂದೆ ‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆ ಕಟ್ಟಿದಾಗ ನಟರ ಮೈ, ಬಾಯಿ, ಕೈಗೆ ಸಿಕ್ಕ ವಸ್ತು ಎಲ್ಲದರಿಂದ ಸದ್ದು ಹೊರಡಿಸಿದ ಅವರ ಹುಚ್ಚು ಈ ಚಿತ್ರಗಳಲ್ಲೇ ಕಾಣುತ್ತದೆ.

ಪ್ರಶಸ್ತಿ ಬಂತು, ಪ್ಲೇಟು ಬರಲಿಲ್ಲ. ಹಾಗಾಗಿ ಈ ಕೆಲಸ ಚಿತ್ರ ನೋಡಿದವರ ನೆನಪಲ್ಲಷ್ಟೇ ಉಳಿಯಿತು. ಎಂಬತ್ತರ ದಶಕದ ಕ್ಯಾಸೆಟ್ಟು ಹಾಡಿನ ದರ್ಬಾರನ್ನು ಇನ್ನೂ ಗಟ್ಟಿ ಮಾಡಿತು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ ಮೊಳಗದ ಹೋಟೆಲು, ಬಸ್ಸು ಇರಲಿಲ್ಲ. 2006ರ ‘ಮುಂಗಾರು ಮಳೆ’ಯೂ ಗೆದ್ದಿದ್ದರಲ್ಲಿ ಹಾಡಿನ ಪಾಲೇ ದೊಡ್ಡದು.

ನಡುವೆ ಒಂದೇ ಒಂದು ತುಣುಕು ತಪ್ಪಿಸಿಕೊಂಡು ಹೊರಗೆ ಬಂತು. ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’ಗೆ ಇಳಯರಾಜ ಹೊಸೆದ ಹಿನ್ನೆಲೆಯ ರಾಗ ಎಷ್ಟೋ ವರ್ಷಗಳ ಮೇಲೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕೇಳಿ ದೇಶದ ತುಂಬ ರಿಂಗ್‌ಟೋನ್ ಆಯಿತು. ಗುನುಗಿದ ಬಹುಪಾಲು ಜನಕ್ಕೆ ಅದು ಕನ್ನಡ ಚಿತ್ರದ್ದೆಂದೇ ಗೊತ್ತಿರಲಿಲ್ಲ. ವಾಹನ ಸಿಕ್ಕರೆ ಬಿಜಿಎಂ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಸಿಕ್ಕ ಮೊದಲ ಸುಳಿವು ಅದು.

ಆಮೇಲೆ ವಾಹನಗಳು ಸಾಲಾಗಿ ಬಂದವು. ಮೊಬೈಲ್, ಯೂಟ್ಯೂಬ್, ರೀಲ್ಸ್‌ಗೆ ಬೇಕಾದದ್ದೇ ಮೂವತ್ತು ಸೆಕೆಂಡಿನ ತುಣುಕು. ಥಿಯೇಟರುಗಳಲ್ಲಿ ಡಿಜಿಟಲ್ ಧ್ವನಿ ಬಂದು, ಹಳೆಯ ಸ್ಪೀಕರಿನಲ್ಲಿ ಗೊರಗೊರ ಎನ್ನುತ್ತಿದ್ದ ತಗ್ಗು ಸ್ವರಗಳು ಹೊಟ್ಟೆಯೊಳಗೆ ಕೇಳತೊಡಗಿದವು. ಇದಕ್ಕಿಂತ ದೊಡ್ಡ ಕಾರಣ ಮಾರುಕಟ್ಟೆಯದು. 2018ರ ಡಿಸೆಂಬರ್‌ನಲ್ಲಿ ‘ಕೆಜಿಎಫ್’ ಐದು ಭಾಷೆಗಳಲ್ಲಿ ಒಟ್ಟಿಗೆ ತೆರೆಕಂಡಿತು. ಹಾಡಾದರೆ ಪ್ರತಿ ಭಾಷೆಗೂ ಬರೆಯಿಸಿ ಹಾಡಿಸಬೇಕು, ಅರ್ಧ ಸೊಗಡು ದಾರಿಯಲ್ಲೇ ಚೆಲ್ಲಿಹೋಗುತ್ತದೆ. ರವಿ ಬಸ್ರೂರು ಅವರ ಡ್ರಮ್ಮಿಗೆ ಆ ತೊಂದರೆ ಇಲ್ಲ. 2022ರ ‘ಕಾಂತಾರ’ದ ಕೊನೆಯ ಭಾಗವೂ ಹಾಗೆಯೇ: ಭೂತಕೋಲದ ಆ ಕೂಗಿಗೆ, ಅಜನೀಶ್ ಲೋಕನಾಥ್ ಅದರ ಸುತ್ತ ಕಟ್ಟಿದ ನಾದಕ್ಕೆ ಅನುವಾದಕರು ಬೇಕಾಗಲಿಲ್ಲ.

ನನಗೊಂದು ತಕರಾರಿದೆ. ಗೆಲುವಿನ ಸೂತ್ರ ಸಿಕ್ಕಿದ್ದೇ ತಡ, ಬಿಜಿಎಂ ಈಗ ನಿಲ್ಲುವುದೇ ಇಲ್ಲ. ನಾಯಕ ಕಾಫಿ ಲೋಟ ಎತ್ತಿದರೂ ಡ್ರಮ್ಮು, ಇಟ್ಟರೂ ಡ್ರಮ್ಮು. ಮೈಸೂರಿನ ಮಾಲುಗಳ ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಂಭಾಷಣೆ ಕೇಳಿಸದೆ ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಬಂದವರನ್ನು ಬಲ್ಲೆ. ಕಾರಂತರಿಗೆ ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿತ್ತು.

ಡಬ್ಬಿಂಗ್ ವ್ಯವಹಾರದಿಂದ ಒಂದು ಒಳ್ಳೆಯದಂತೂ ಆಗಿದೆ. ಬೇರೆ ಭಾಷೆಗೆ ಮಾತು ಕೂರಿಸಬೇಕಾದರೆ ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನು ಮಾತಿನಿಂದ ಬಿಡಿಸಿ ಇಡಲೇಬೇಕು. ಹೀಗೆ ಬಿಡಿಯಾಗಿ ಉಳಿದಿರುವುದರಿಂದಲೇ ಇಂದಿನ ಚಿತ್ರಗಳ ಹಿನ್ನೆಲೆ ಸಂಗೀತವನ್ನು ಆಡಿಯೊ ಕಂಪನಿಗಳು ಆಲ್ಬಂ ಮಾಡಿ ಬಿಡುತ್ತಿವೆ. ‘ಸಂಸ್ಕಾರ’ದ ಸಂಗೀತ ಬೇಕೆಂದರೆ ಮಾತ್ರ ಈಗಲೂ ಪೂರ್ತಿ ಸಿನಿಮಾವನ್ನೇ ಹಾಕಿಕೊಂಡು ಕೂರಬೇಕು.